ಹೊಗೆಸೊಪ್ಪು ತರಲು ಮಕ್ಕಳನ್ನು ಕಳಿಸಬೇಡಿ

‘ಬಿರ್ರನೆ ಹೋಗಿ ತಾತನಿಗೆ ಒಂದ್ ಕಡ್ಡಿಪುಡಿ ಈಸ್ಕ ಬಾ ಕೂಸು.’ ದೀಪ ಹಚ್ಚುವ ಹೊತ್ತಿಗೆ ಕೊಳ್ಳೇಗಾಲ ಸೀಮೆಯ ನಮ್ಮ ಕುಂತೂರಿನ ಯಾವ ಬೀದಿಯಲ್ಲಿ ನಡೆದರೂ ಯಾವುದಾದರೊಂದು ಜಗಲಿಯಿಂದ ಈ ಮಾತು ಕಿವಿಗೆ ಬೀಳುತ್ತದೆ. ಎರಡನೆಯ ಕ್ಲಾಸಿನ ಹುಡುಗನೋ, ಮೂರನೆಯ ಕ್ಲಾಸಿನ ಹುಡುಗಿಯೋ ಹತ್ತು ರೂಪಾಯಿ ನೋಟನ್ನು ಮುಷ್ಟಿಯಲ್ಲಿ ಹಿಡಿದು ಅಂಗಡಿಗೆ ಓಡುತ್ತದೆ. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಉಪ್ಪಿಗೆ ಕಳಿಸಿದ ಹಾಗೆ, ಕೊತ್ತಂಬರಿ ಸೊಪ್ಪಿಗೆ ಕಳಿಸಿದ ಹಾಗೆ ಈ ತಂಬಾಕಿನ ಪುಡಿಗೂ ಕಳಿಸುತ್ತಾರೆ. ನಮ್ಮ ಹೈಕಳು ತಂಬಾಕಿನ ಸಹವಾಸವಿಲ್ಲದೆ ಬೆಳೆಯಬೇಕು ಎನ್ನುವವರೆಲ್ಲ ಶಾಲೆಯ ಗೇಟಿನಿಂದ ಮಾತು ಶುರು ಮಾಡುತ್ತಾರೆ. ನಾನು ಈ ಜಗಲಿಯಿಂದ ಶುರು ಮಾಡುತ್ತೇನೆ.

ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಅದಕ್ಕೂ ಮೊದಲು, ಪೆಟ್ಟಿಗೆ ಅಂಗಡಿಯವರ ಮಗಳು. ಎಪ್ಪತ್ತರ ದಶಕದಲ್ಲಿ ಸ್ಕೂಲು ಬಿಟ್ಟ ಮೇಲೆ ಅಪ್ಪ ಊಟಕ್ಕೆ ಹೋಗಿಬರುವವರೆಗೆ ಅಂಗಡಿಯ ಹಲಗೆಯ ಮೇಲೆ ಕೂರುವ ಕೆಲಸ ನನ್ನದು. ಒದ್ದೆ ಗೋಣಿಯಲ್ಲಿ ಸುತ್ತಿದ ವೀಳ್ಯದೆಲೆ, ಡಬ್ಬಿಯಲ್ಲಿ ಸುಣ್ಣ, ಬೀಡಿ ಕಟ್ಟು, ಬಾಳೆನಾರಿನಲ್ಲಿ ಕಟ್ಟಿದ ಹೊಗೆಸೊಪ್ಪು. ಕಂಬಕ್ಕೆ ತೂಗುಬಿದ್ದ ತೆಂಗಿನ ನಾರಿನ ಹಗ್ಗದ ತುದಿಯಲ್ಲಿ ಸದಾ ಕೆಂಡ. ಬೀಡಿ ಹಚ್ಚಿಕೊಳ್ಳುವವರಿಗೆ ಅದೇ ಬೆಂಕಿಪೊಟ್ಟಣ. ಸಂಜೆಯ ಗಿರಾಕಿಗಳಲ್ಲಿ ದೊಡ್ಡವರು ಕಡಿಮೆ. ಗದ್ದೆಯಿಂದ ಬಂದು ಕಾಲು ತೊಳೆದು ಕೂತವರು ಮತ್ತೆ ಎದ್ದು ಬರುವರೇ? ಅವರ ಮಕ್ಕಳು, ಮೊಮ್ಮಕ್ಕಳು ಬರುತ್ತಿದ್ದರು, ಖುಷಿಯಿಂದಲೇ. ಏಕೆಂದರೆ ಉಳಿದ ಚಿಲ್ಲರೆಗೆ ಒಂದು ಪೆಪ್ಪರ್‌ಮೆಂಟು ತೆಗೆದುಕೊಳ್ಳಬಹುದೆಂದು ಮನೆಯಲ್ಲಿ ಒಪ್ಪಂದವಾಗಿರುತ್ತಿತ್ತು. ಸಕ್ಕರೆ ತಂದರೆ ಚಿಲ್ಲರೆಯ ಲೆಕ್ಕ ಕೇಳುವ ತಾಯಿ, ತಾತನ ಹೊಗೆಸೊಪ್ಪಿನ ಚಿಲ್ಲರೆಯನ್ನು ಕೇಳುತ್ತಿರಲಿಲ್ಲ.

ಆ ಮಕ್ಕಳಿಗೆ ಏನೆಲ್ಲ ಗೊತ್ತಿತ್ತು ಎಂಬುದನ್ನು ನೆನೆದರೆ ಈಗಲೂ ನನಗೆ ದಿಗಿಲಾಗುತ್ತದೆ. ಸೊಪ್ಪು ಒಣಗಿದೆಯೋ ಹದವಾಗಿದೆಯೋ ಎಂದು ಮೂಸಿ ಹೇಳುತ್ತಿದ್ದರು. ಯಾವ ಬೀಡಿಯ ದಾರ ಯಾವ ಬಣ್ಣ, ಯಾವ ಪುಡಿ ‘ಕಡಕ್’, ಯಾವುದು ಸಪ್ಪೆ, ಎಲ್ಲ ಬಾಯಿಪಾಠ. ಒಂದನೆಯ ಕ್ಲಾಸಿನಲ್ಲಿ ಅಕ್ಷರ ತಿದ್ದುವ ಮೊದಲೇ ಈ ಪಾಠ ಮುಗಿದಿರುತ್ತಿತ್ತು. ಮನೆಗೆ ಮರಳುವ ದಾರಿಯಲ್ಲಿ ಪೊಟ್ಟಣ ಬಿಚ್ಚಿ ಮೂಸುವುದು ಒಂದು ದಿನ, ನಾಲಗೆಗೆ ತಗುಲಿಸಿ ನೋಡುವುದು ಇನ್ನೊಂದು ದಿನ. ತಾತನಿಗೆ ಚಿಟಿಕೆ ಕಡಿಮೆಯಾದರೆ ಗೊತ್ತಾಗುವುದಿಲ್ಲ.

ಇದು ನಮ್ಮ ಬೀದಿಯೊಂದರ ಕತೆಯಲ್ಲ. 2019ರಲ್ಲಿ ದೇಶದಾದ್ಯಂತ 13ರಿಂದ 15 ವರ್ಷದ ಶಾಲಾಮಕ್ಕಳ ಸಮೀಕ್ಷೆ ನಡೆಯಿತು. ನೂರಕ್ಕೆ 8.5 ಮಕ್ಕಳು ತಂಬಾಕು ಬಳಸುತ್ತಾರೆ ಎಂಬ ಅಂಕಿಯನ್ನೇ ಪತ್ರಿಕೆಗಳು ಹೆಚ್ಚಾಗಿ ಬರೆದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ವರದಿಯ ಇನ್ನೊಂದು ಸಾಲು. ಬೀಡಿ ಸೇದಿದ್ದ ಮಕ್ಕಳಲ್ಲಿ ನೂರಕ್ಕೆ 47, ಹೊಗೆಯಿಲ್ಲದ ತಂಬಾಕು ಬಳಸಿದ್ದವರಲ್ಲಿ ನೂರಕ್ಕೆ 52 ಮಂದಿ ಅದನ್ನು ಮೊದಲು ಮುಟ್ಟಿದ್ದು 10 ವರ್ಷ ತುಂಬುವ ಮೊದಲೇ. ಹತ್ತರೊಳಗಿನ ಮಗುವಿಗೆ ಕೆಟ್ಟ ಸಹವಾಸ ಎಲ್ಲಿಂದ ಬರಬೇಕು? ಸಿನಿಮಾ ನೋಡಿ ಕಲಿತಿತು ಎನ್ನುವ ವಯಸ್ಸೂ ಅಲ್ಲ. ಆ ವಯಸ್ಸಿನಲ್ಲಿ ಮಗುವಿನ ಕೈಗೆ ತಂಬಾಕು ಬರುವ ದಾರಿ ಮನೆಯ ಜಗಲಿಯಿಂದ ಅಂಗಡಿಗೆ, ಅಂಗಡಿಯಿಂದ ಜಗಲಿಗೆ ಹೋಗಿಬರುವ ದಾರಿಯೇ ಎಂದು ನಾನು ನಂಬುತ್ತೇನೆ.

ಕಾನೂನು ಏನು ಹೇಳುತ್ತದೆ? 2003ರ ಕೇಂದ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಾಲೆಯಿಂದ 100 ಗಜದೊಳಗೆ ಮಾರುವಂತಿಲ್ಲ. ನಮ್ಮ ರಾಜ್ಯ ಇದಕ್ಕಿಂತ ಮುಂದೆ ಹೋಯಿತು. 2024ರ ಫೆಬ್ರುವರಿಯಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿ, ಕರ್ನಾಟಕದಲ್ಲಿ ಆ ವಯಸ್ಸು 21ಕ್ಕೆ ಏರಿತು. ಬಿಡಿ ಸಿಗರೇಟು ಮಾರುವುದಕ್ಕೂ ತಡೆ ಬಂತು. ದಂಡ 200 ರೂಪಾಯಿಯಿಂದ 1,000 ರೂಪಾಯಿವರೆಗೆ ಹೋಯಿತು. ಇನ್ನು 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಲ್ಲಿ, ಮಗುವಿಗೆ ತಂಬಾಕು ಕೊಡುವವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ‘ತಾತನಿಗೆ’ ಎಂದು ಹೇಳಿ ಮಗು ಕೇಳಿದರೆ ಕೊಡಬಹುದು ಎಂಬ ವಿನಾಯಿತಿ ಇವುಗಳಲ್ಲಿ ಎಲ್ಲೂ ಇಲ್ಲ. ಯಾರಿಗಾಗಿ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಯಾರ ಕೈಗೆ ಎನ್ನುವುದೊಂದೇ ಲೆಕ್ಕ. ಅಂದರೆ ನಮ್ಮ ಬೀದಿಗಳಲ್ಲಿ ಪ್ರತಿ ಸಂಜೆಯೂ ಎಲ್ಲರ ಕಣ್ಣೆದುರಿಗೆ, ಯಾರಿಗೂ ಅಪರಾಧ ಅನ್ನಿಸದೆ ಈ ಕಾನೂನು ಮುರಿಯುತ್ತಿದೆ.

ಶಾಲೆಯ ಸುತ್ತ ಹಳದಿ ಗೆರೆ ಎಳೆಯುವ ಅಭಿಯಾನ ನಡೆಯುತ್ತದೆ. ಮಕ್ಕಳು ಅಂಗಡಿಯವರಿಗೆ ಗುಲಾಬಿ ಕೊಟ್ಟು ‘ಮಾರಬೇಡಿ’ ಎಂದು ಕೇಳಿಕೊಳ್ಳುವ ಗುಲಾಬಿ ಆಂದೋಲನವೂ ನಡೆಯುತ್ತದೆ. ಒಳ್ಳೆಯ ಕೆಲಸಗಳು, ನಾನೂ ಮಕ್ಕಳ ಸಾಲಿನಲ್ಲಿ ನಿಂತು ನಡೆದಿದ್ದೇನೆ. ಆದರೆ ಬೆಳಿಗ್ಗೆ ಗುಲಾಬಿ ಕೊಟ್ಟ ಹುಡುಗಿಯನ್ನೇ ಸಂಜೆ ಅದೇ ಅಂಗಡಿಗೆ ಕಡ್ಡಿಪುಡಿಗೆ ಕಳಿಸಿದರೆ ಅವಳು ಯಾವ ಪಾಠವನ್ನು ನಂಬಬೇಕು? ಮೇಷ್ಟ್ರ ಮಾತಿಗಿಂತ ಮನೆಯವರ ಮಾತು ದೊಡ್ಡದು ಎಂದು ಪ್ರತಿ ಮಗುವಿಗೂ ಗೊತ್ತು.

ಅಂಗಡಿಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರನ್ನು ಖಳರಂತೆ ನೋಡುವ ಲೇಖನಗಳು ನನಗೆ ಹಿಡಿಸುವುದಿಲ್ಲ. ನಮ್ಮ ಅಪ್ಪನ ಅಂಗಡಿ ನಡೆದದ್ದೇ ಎಲೆ, ಅಡಿಕೆ, ಬೀಡಿ, ಹೊಗೆಸೊಪ್ಪಿನ ಮೇಲೆ. ನನ್ನ ಪುಸ್ತಕಗಳೂ ಬಂದದ್ದು ಆ ದುಡ್ಡಿನಿಂದ. ಬಿಸ್ಕೆಟ್ಟಿನಲ್ಲಿ ಸಿಗುವ ಲಾಭ ಅಷ್ಟರಲ್ಲೇ ಇದೆ. ಹೊಗೆಸೊಪ್ಪು ಕೊಳ್ಳುವವರು ದಿನವೂ ಬರುತ್ತಾರೆ, ಮಳೆ ಬಂದರೂ ಬರುತ್ತಾರೆ. ಬಂದವರು ಬೆಂಕಿಪೊಟ್ಟಣ, ಸೋಪು, ಎಣ್ಣೆ ಕೊಳ್ಳುತ್ತಾರೆ. ಈ ಗಿರಾಕಿಯನ್ನು ಕಳೆದುಕೊಂಡರೆ ಉಳಿದದ್ದೂ ಹೋಗುತ್ತದೆ ಎಂಬ ಭಯ ಅವರಿಗೆ. ಹಾಗಾಗಿ ನಾನು ಅವರನ್ನು ಕೇಳುವುದು ಎರಡೇ. ಮಗು ಬಂದರೆ ‘ನಿಮ್ಮಪ್ಪನ್ನ ಕಳಿಸು’ ಎಂದು ಹೇಳಿ ವಾಪಸು ಕಳಿಸಿ. ಅಪ್ಪ ಬಂದೇ ಬರುತ್ತಾನೆ, ವ್ಯಾಪಾರ ನಷ್ಟವಾಗುವುದಿಲ್ಲ. ಮತ್ತೆ, ಸ್ಯಾಷೆಗಳ ಸರವನ್ನು ಚಿಪ್ಸ್ ಪ್ಯಾಕೆಟ್ಟಿನ ಪಕ್ಕ ತೂಗುಹಾಕಬೇಡಿ, ಹಿಂದಿನ ಕಪಾಟಿನಲ್ಲಿಡಿ. 2013ರ ಮೇ 31ರಂದು ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲದ್ದೊಂದು ಚೀಟಿ, ತಂಬಾಕಿನದೊಂದು ಚೀಟಿ ಜೊತೆಜೊತೆಯಾಗಿ ಬಂದವು. ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸುವುದನ್ನು ಹುಡುಗರು ಆಟದಂತೆ ಕಲಿತರು. ಮಿನುಗುವ ಆ ಸರಗಳು ತೂಗುವ ಎತ್ತರ ಸರಿಯಾಗಿ ಎಂಟು ವರ್ಷದ ಮಗುವಿನ ಕಣ್ಣಿನ ಎತ್ತರ.

ವಿಜ್ಞಾನದ ಟೀಚರಾಗಿ ನಾನು ಮಾಡಬಹುದಾದದ್ದು ಹತ್ತನೆಯ ತರಗತಿಯ ‘ಆಮ್ಲ, ಪ್ರತ್ಯಾಮ್ಲ, ಲವಣ’ ಪಾಠದಲ್ಲಿ ಸಿಕ್ಕಿತು. ಎಲೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕದಡಿ ಕೆಂಪು ಲಿಟ್ಮಸ್ ಕಾಗದ ಅದ್ದಿಸುತ್ತಿದ್ದೆ, ಕಾಗದ ನೀಲಿಯಾಗುತ್ತದೆ. ಹಾಗಾದರೆ ಅಜ್ಜಿಯರು ಹೊಗೆಸೊಪ್ಪಿಗೆ ಸುಣ್ಣವನ್ನೇ ಏಕೆ ಉಜ್ಜುತ್ತಾರೆ ಎಂದು ಕೇಳುತ್ತಿದ್ದೆ. ರುಚಿಗೆ, ಘಾಟಿಗೆ ಎಂದು ಉತ್ತರ ಬರುತ್ತಿತ್ತು. ನಿಕೋಟಿನ್ ತಾನೇ ಒಂದು ದುರ್ಬಲ ಪ್ರತ್ಯಾಮ್ಲ. ಜೊಲ್ಲು ಸಾಧಾರಣವಾಗಿದ್ದಾಗ ಅದರ ಹೆಚ್ಚಿನ ಭಾಗ ವಿದ್ಯುದಂಶ ಹೊತ್ತ ಅಯಾನಿನ ರೂಪದಲ್ಲಿರುತ್ತದೆ, ಬಾಯಿಯ ಒಳಪೊರೆಯನ್ನು ಸುಲಭವಾಗಿ ದಾಟುವುದಿಲ್ಲ. ಸುಣ್ಣ ಬಿದ್ದೊಡನೆ ಅಯಾನು ಬಿಡುಗಡೆಯಾದ ನಿಕೋಟಿನ್ ಆಗಿ ಪೊರೆ ದಾಟಿ ರಕ್ತಕ್ಕೆ ನುಗ್ಗುತ್ತದೆ. ಜೊತೆಗೆ ಸುಣ್ಣ ಆ ಪೊರೆಯನ್ನೇ ಸುಡುತ್ತದೆ. ಯಾವ ಪ್ರಯೋಗಾಲಯವೂ ಇಲ್ಲದೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಅದು; ಅದರ ಬಲವೇ ಅದರ ಅಪಾಯ. ‘ಬಿಡೋಕೆ ಆಗಲ್ಲ ಕಣವ್ವ’ ಎಂದು ಅಜ್ಜಿ ಹೇಳುವುದು ಮನಸ್ಸಿನ ದೌರ್ಬಲ್ಯವಲ್ಲ, ರಸಾಯನಶಾಸ್ತ್ರ ಎಂದು ಮಕ್ಕಳಿಗೆ ತಿಳಿದ ದಿನ ತರಗತಿಯಲ್ಲಿ ಯಾರೂ ನಗುತ್ತಿರಲಿಲ್ಲ.

ಇನ್ನೊಂದು ವಿಷಯವನ್ನು ಬಿಸಿಯೂಟದ ಪಂಕ್ತಿಯಲ್ಲಿ ಕಲಿತೆ. ಕೆಲವು ಹುಡುಗರು ಅನ್ನ ತಿಂದು ಸಾರು ಬಿಡುತ್ತಾರೆ. ಖಾರ ಎನ್ನುತ್ತಾರೆ, ಪಕ್ಕದವನಿಗೆ ಅದು ಖಾರವೇ ಅಲ್ಲ. ಅಡಿಕೆ, ಪಾನ್ ಮಸಾಲ, ತಂಬಾಕು ಅಗಿಯುವವರಲ್ಲಿ ಬಾಯಿಯ ಒಳಚರ್ಮ ಬಿಳುಚಿ ನಾರಾಗುವ ಕಾಯಿಲೆ ಶುರುವಾಗುವುದೇ ಹೀಗೆ, ಖಾರ ತಾಳದ ಉರಿಯಿಂದ. ಆಮೇಲೆ ಬಾಯಿ ತೆರೆಯುವುದು ಕಡಿಮೆಯಾಗುತ್ತ ಬರುತ್ತದೆ. ತನ್ನ ಕೈಯ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಯೊಳಗೆ ಇಡಲಾಗದ ಹುಡುಗನನ್ನು ಕಂಡರೆ ದಂತವೈದ್ಯರ ಬಳಿ ಕಳಿಸಬೇಕು, ಆ ವಾರವೇ. ಕಳೆದುಹೋದ ಮೃದುತ್ವ ಪೂರ್ತಿ ಮರಳುವುದಿಲ್ಲ, ಬಿಟ್ಟರೆ ಅಲ್ಲಿಗೆ ನಿಲ್ಲುವ ಸಾಧ್ಯತೆ ಇದೆ, ಬಿಡದಿದ್ದರೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ‘ನಮ್ಮ ಹುಡುಗ ತಂಬಾಕು ಮುಟ್ಟಲ್ಲ, ಬರೀ ಮಸಾಲ’ ಎಂದು ಸಮಾಧಾನಪಡುವ ತಾಯಂದಿರಿಗೂ ಇದನ್ನು ಹೇಳಬೇಕಾಗಿದೆ: ಈ ಕಾಯಿಲೆಗೆ ಅಡಿಕೆಯೊಂದೇ ಸಾಕು. ಮಲೆನಾಡಿನ ಬೆಳೆಗಾರರ ಸಂಕಟ ನನಗೆ ಗೊತ್ತಿದೆ. ಆದರೂ ಹದಿಮೂರರ ಹುಡುಗ ದಿನಕ್ಕೆ ನಾಲ್ಕು ಚೀಟಿ ಅಗಿಯುವುದನ್ನು ಯಾವ ಬೆಳೆಗಾರನೂ ಬಯಸಲಾರ.

ಹಿರಿಯರನ್ನು ಗದರಿಸಲು ನಾನು ಈ ಲೇಖನ ಬರೆಯುತ್ತಿಲ್ಲ. ನಮ್ಮೂರಿನ ಸಕ್ಕರೆ ಕಾರ್ಖಾನೆಗೆ ಬರುವ ಕಬ್ಬನ್ನು ಕಡಿಯುವವರ ಬಾಯಲ್ಲಿ ಹೊಗೆಸೊಪ್ಪು ಇರುವುದು ಶೋಕಿಗಲ್ಲ. ನಿಕೋಟಿನ್ ಹಸಿವನ್ನು ಮಂಕು ಮಾಡುತ್ತದೆ, ಬೆನ್ನಿನ ನೋವನ್ನು ಒಂದಿಷ್ಟು ಹೊತ್ತು ಮರೆಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಪೋಡುಗಳೆಂಬ ಹಾಡಿಗಳಲ್ಲಿ, ಹನೂರಿನ ಆಚೆಯ ಕಾಡಂಚಿನ ಊರುಗಳಲ್ಲಿ ದಿನವಿಡೀ ನಡೆದು ದುಡಿಯುವ ಹೆಂಗಸರ ಎಲೆಚೀಲಕ್ಕೂ ಇದೇ ಕಾರಣ. 1956ರವರೆಗೆ ಕೊಳ್ಳೇಗಾಲ ಇದ್ದದ್ದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿ, ಅಗಿಯುವ ಹೊಗೆಸೊಪ್ಪಿಗೆ ಹೆಸರಾದ ಸೀಮೆ ಅದು. ಹೀಗೆ ತಲೆಮಾರುಗಳಿಂದ ಬಂದ ಚಟವನ್ನು ಎಪ್ಪತ್ತು ದಾಟಿದವರು ನಾಳೆ ಬೆಳಿಗ್ಗೆ ಬಿಡಬೇಕು ಎಂದು ನಾನು ಹಟ ಹಿಡಿಯಲಾರೆ. ಬಿಡುವುದಾದರೆ ಸಂತೋಷ. ಬಿಡಲಾಗದಿದ್ದರೆ ಅದು ಅವರ ಚೀಲದಲ್ಲಿ, ಅವರ ಕೈಯಲ್ಲಿ ಇರಲಿ. ಮೊಮ್ಮಗಳ ಮುಷ್ಟಿಯೊಳಗೆ ಬೇಡ.

ಈ ಮಾತು ಆಡಿದಾಗ ಬರುವ ಪ್ರಶ್ನೆ ಒಂದೇ: ‘ತಾತನ ಮಂಡಿ ಹೋಗಿದೆ ಟೀಚರ್, ಯಾರು ತರಬೇಕು?’ ಮನೆಯಲ್ಲಿ ಬೆಳೆದ ಮಗ ಇದ್ದಾನೆ, ಅವನು ತರಲಿ. ಮಗನೂ ಮನೆಯಲ್ಲಿಲ್ಲದ ದಿನ ತಾತ ಅದಿಲ್ಲದೆ ಇರಲಿ. ಒಂದು ಸಂಜೆ ಕಷ್ಟವಾಗುತ್ತದೆ, ನಿಜ. ಆ ಒಂದು ಸಂಜೆಯ ಕಷ್ಟವನ್ನು ಎಪ್ಪತ್ತು ವರ್ಷದವರು ತಾಳಿಕೊಳ್ಳಲಿ ಎಂದು ಕೇಳುವುದು ಹೆಚ್ಚಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊಮ್ಮಕ್ಕಳಿಗಾಗಿ ಇದಕ್ಕಿಂತ ದೊಡ್ಡ ಕಷ್ಟಗಳನ್ನು ಅವರು ಪಟ್ಟಿದ್ದಾರೆ.

ಹಬ್ಬ ಜಾತ್ರೆಗಳಲ್ಲಿ ಈ ಎಚ್ಚರ ಇನ್ನಷ್ಟು ಸಡಿಲವಾಗುತ್ತದೆ. ಚಿಕ್ಕಲ್ಲೂರು ಜಾತ್ರೆಗೆ, ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ತಾಳಬೆಟ್ಟದ ಮೇಲಿಂದ ನಡೆದುಹೋಗುವ ಗುಂಪುಗಳಿಗೆ ಹುಡುಗರನ್ನು ಮೊದಲ ಸಲ ಕಳಿಸುವುದು ಅಣ್ಣಂದಿರ ಜೊತೆ. ಅಲ್ಲಿ ಹದಿನೆಂಟರವನು ಸೇದುವುದನ್ನು ಹದಿನಾಲ್ಕರವನು ಹಿಡಿದುಕೊಂಡಿರುತ್ತಾನೆ. ಇಪ್ಪತ್ತೊಂದರ ಕಾನೂನು ನನಗೆ ಸರಿ ಎನಿಸುವುದು ಇದಕ್ಕೇ. ಹದಿನೆಂಟರ ಹುಡುಗ ಇನ್ನೂ ಪಿಯುಸಿಯ ಗೆಳೆಯರ ನಡುವೆಯೇ ಇರುತ್ತಾನೆ. ತಾನು ಕೊಂಡದ್ದನ್ನು ಕಿರಿಯರಿಗೆ ದಾಟಿಸುವವನೂ ಅವನೇ. ಅವನಿಗೆ ಮಾರದಿದ್ದರೆ ಕೆಳಗಿನ ಮೂರು ನಾಲ್ಕು ತರಗತಿಗಳಿಗೆ ಸರಬರಾಜು ನಿಲ್ಲುತ್ತದೆ. ಅಮೆರಿಕ 2019ರ ಡಿಸೆಂಬರಿನಲ್ಲಿ 21ಕ್ಕೆ ಏರಿಸಿತು. ಮಾಲ್ಡೀವ್ಸ್ 2025ರ ನವೆಂಬರಿನಿಂದ, 2007ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದ ಯಾರಿಗೂ ಎಂದೆಂದಿಗೂ ಮಾರುವಂತಿಲ್ಲ ಎಂದಿತು.

ಈ ಸೀಮೆಯ ಹುಡುಗರಿಗೆ ನಾನು ಹೇಳುತ್ತಿದ್ದ ಹೆಸರು ಒಂದಿದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ. ರಾಜ್‌ಕುಮಾರ್ ಆಗಿ ಹೆಸರು ಮಾಡಿದ ಮೇಲೆ ತೆರೆಯ ಮೇಲೆ ಸೇದುವುದನ್ನೂ ಕುಡಿಯುವುದನ್ನೂ ದೂರವಿಡುವುದನ್ನು ಅವರು ವ್ರತದಂತೆ ಪಾಲಿಸಿದರು. ನೋಡುವ ಹುಡುಗರು ತನ್ನನ್ನು ಅನುಕರಿಸುತ್ತಾರೆ ಎಂಬ ಅರಿವು ಅವರಿಗಿತ್ತು. ಇಂದು ದೊಡ್ಡ ನಟರು ಏಲಕ್ಕಿಯ ಹೆಸರಿನಲ್ಲಿ ಪಾನ್ ಮಸಾಲದ ಬ್ರ್ಯಾಂಡುಗಳಿಗೆ ಕೈಯೆತ್ತಿ ನಗುತ್ತಾರೆ. ಅವರ ಜಾಹೀರಾತು ನೋಡಿ ಬೆಳೆಯುವ ನಮ್ಮ ಹುಡುಗರಿಗೆ, ಕನ್ನಡದ ಅತಿ ದೊಡ್ಡ ನಟ ನಿಮ್ಮ ಸೀಮೆಯವನು, ಅವನಿಗೆ ಗಂಡಸುತನ ತೋರಿಸಲು ಸಿಗರೇಟು ಬೇಕಾಗಲಿಲ್ಲ ಎಂದು ಹೇಳಿದರೆ ಕೇಳಿಸಿಕೊಳ್ಳುತ್ತಾರೆ. ಅದು ನನ್ನ ಅನುಭವ.

ಆಗಲೇ ಶುರು ಮಾಡಿದ ಹುಡುಗನನ್ನು ಏನು ಮಾಡಬೇಕು? ಶಾಲೆಯಿಂದ ಹೊರಗೆ ಹಾಕಬಾರದು, ಬೆಳಗಿನ ಪ್ರಾರ್ಥನೆಯಲ್ಲಿ ನಿಲ್ಲಿಸಿ ಅವಮಾನಿಸಬಾರದು. ಹೊರಗೆ ಹೋದವನಿಗೆ ಇಡೀ ದಿನ ಅಂಗಡಿಯ ಕಟ್ಟೆಯೇ ಗತಿ. ಬಿಟ್ಟ ಮೊದಲ ಎರಡು ಮೂರು ದಿನ ಅವನಿಗೆ ಸಿಟ್ಟು ಜಾಸ್ತಿ, ನಿದ್ದೆ ಬರುವುದಿಲ್ಲ, ಪಾಠ ತಲೆಗೆ ಹತ್ತುವುದಿಲ್ಲ. ಮನೆಯವರು ಇದನ್ನು ಉಡಾಫೆ ಎಂದುಕೊಂಡು ಹೊಡೆಯುತ್ತಾರೆ, ಅವನು ಮತ್ತೆ ಚೀಟಿ ಹರಿಯುತ್ತಾನೆ. ಎರಡರಿಂದ ನಾಲ್ಕು ವಾರದಲ್ಲಿ ಇದು ತಗ್ಗುತ್ತದೆ ಎಂದು ಗೊತ್ತಿದ್ದರೆ ತಾಯಿ ಕಾಯುತ್ತಾಳೆ. ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗಿರುವ 1800-11-2356 ಸಂಖ್ಯೆಗೆ ಕರೆ ಮಾಡಿದರೆ ಹಣ ಹಿಡಿಯುವುದಿಲ್ಲ. ದಕ್ಷಿಣದ ರಾಜ್ಯಗಳ ಕರೆಗಳನ್ನು ನೋಡಿಕೊಳ್ಳುವುದು ಬೆಂಗಳೂರಿನ ನಿಮ್ಹಾನ್ಸ್, ಹಾಗಾಗಿ ಕನ್ನಡದಲ್ಲೇ ಮಾತಾಡಬಹುದು. ಹುಡುಗ ತಾನೇ ಕರೆ ಮಾಡುವುದು ಅಪರೂಪ. ಅವನ ಪಕ್ಕದಲ್ಲಿ ಕೂತು ಸಂಖ್ಯೆ ಒತ್ತಿಕೊಡುವ ಒಬ್ಬ ದೊಡ್ಡವರು ಬೇಕು. ಆ ಕೆಲಸವನ್ನು ನಾನು ನಿವೃತ್ತಿಯ ನಂತರವೂ ಮಾಡುತ್ತಿದ್ದೇನೆ.

ಪಂಚಾಯಿತಿಗೆ ಹಣ ಬೇಡದ ಕೆಲಸಗಳೂ ಇವೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮಕ್ಕಳು ಶೌಚಾಲಯ ಕೇಳುತ್ತಾರೆ, ಕಾಂಪೌಂಡು ಕೇಳುತ್ತಾರೆ, ಬಸ್ಸು ಕೇಳುತ್ತಾರೆ. ಈ ಸಲ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಪ್ರತಿ ಪಂಚಾಯಿತಿಯ ಸಭೆಯಲ್ಲೂ ‘ತಂಬಾಕು ತರಲು ನಮ್ಮನ್ನು ಕಳಿಸಬಾರದು’ ಎಂಬ ಒಂದು ಸಾಲನ್ನು ನಡಾವಳಿಯಲ್ಲಿ ಬರೆಸಬೇಕೆಂದು ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ. ಹಾಗೆ ಬರೆದದ್ದನ್ನು ದೊಡ್ಡವರ ಗ್ರಾಮಸಭೆಯಲ್ಲಿ ಓದಿಸಿ, ಡೈರಿಯ ಗೋಡೆಗೂ ನ್ಯಾಯಬೆಲೆ ಅಂಗಡಿಯ ಬಾಗಿಲಿಗೂ ಅಂಟಿಸಬೇಕು. ಸ್ವಸಹಾಯ ಸಂಘದ ಹೆಂಗಸರು ಇದನ್ನು ಕೈಗೆತ್ತಿಕೊಂಡರೆ ಆರು ತಿಂಗಳಲ್ಲಿ ಬೀದಿ ಬದಲಾಗುತ್ತದೆ ಎಂಬ ಭರವಸೆ ನನಗಿದೆ, ಏಕೆಂದರೆ ಸಂಜೆ ಮಗುವಿನ ಕೈಗೆ ನೋಟು ಕೊಡುವುದು ಬಹುಪಾಲು ಅವರೇ.

ಜೊತೆಗೆ ಅಂಗಡಿಗಳ ಬೋರ್ಡು. ತಂಬಾಕು ಮಾರುವ ಪ್ರತಿ ಅಂಗಡಿಯಲ್ಲೂ ಕನಿಷ್ಠ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಫಲಕ ಇರಬೇಕೆಂದು ನಿಯಮವಿದೆ. ನಮ್ಮ ಕಡೆ ಬಹಳ ಅಂಗಡಿಗಳಲ್ಲಿ ಅದು ಇಲ್ಲ, ಇರುವಲ್ಲಿ ಇನ್ನೂ ‘18’ ಎಂದೇ ಇದೆ. ಪಿಡಿಒ ಒಬ್ಬರು ಒಂದು ಮಧ್ಯಾಹ್ನ ಪೇಂಟರನ್ನು ಕರೆದುಕೊಂಡು ಹೊರಟರೆ ಊರಿನ ಎಲ್ಲ ಫಲಕಗಳಲ್ಲೂ 18 ಅಳಿಸಿ 21 ಬರೆಸಬಹುದು. ಅದರ ಕೆಳಗೆ ಇನ್ನೊಂದು ಸಾಲನ್ನೂ ಬರೆಸಲಿ: ‘ಅಪ್ಪ ಅಮ್ಮ ಕಳಿಸಿದ್ದರೂ ಮಕ್ಕಳಿಗೆ ಕೊಡುವುದಿಲ್ಲ.’